ಅದಿರಿನ ಲೆಕ್ಕ ಬೇರೆ, ಔಷಧದ ಲೆಕ್ಕ ಬೇರೆ

ಹೃದಯದ ಎಂ.ಆರ್.ಐ. ಪರೀಕ್ಷೆಯ ವೇಳೆ ರೋಗಿಗೆ ನೀಡುವ ಚುಚ್ಚುಮದ್ದಿನ ಕುರಿತು ವಾಣಿಜ್ಯ ಮಾಸಪತ್ರಿಕೆಯೊಂದರಲ್ಲಿ ಬರೆಯುವ ಅಗತ್ಯವೇನು ಎಂಬ ಪ್ರಶ್ನೆ ನಮ್ಮ ವರ್ತಕ ಹಾಗೂ ಉದ್ಯಮಿ ಬಾಂಧವರ ಮನಸ್ಸಿನಲ್ಲಿ ಏಳುವುದು ಸಹಜ. ಇದಕ್ಕೆ ಎರಡು ಕಾರಣಗಳಿವೆ. ಈ ಚುಚ್ಚುಮದ್ದಿನಲ್ಲಿ ಇಂದು ಬಳಕೆಯಲ್ಲಿರುವ ಗ್ಯಾಡೊಲಿನಿಯಂ ಎಂಬ ವಿರಳ ಭೂಲೋಹದ ಬದಲಿಗೆ ಮ್ಯಾಂಗನೀಸನ್ನು ಬಳಸುವ ಪ್ರಯತ್ನ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ಮತ್ತೆ ಚುರುಕುಗೊಂಡಿದೆ; ಮ್ಯಾಂಗನೀಸ್ ನಮ್ಮ ರಾಜ್ಯದ ನೆಲದಲ್ಲಿಯೇ ದೊರೆಯುವ ಖನಿಜ. ಎರಡನೆಯದಾಗಿ, ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿಯೂ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿಯೂ ರಾಸಾಯನಿಕ ಮತ್ತು ಔಷಧ ತಯಾರಿಕೆಯ ಘಟಕಗಳು ಕೆಲಸ ಮಾಡುತ್ತಿವೆ.

ಅದಿರು ನಮ್ಮದು, ಕಾರ್ಖಾನೆಯೂ ನಮ್ಮದು, ಇನ್ನೇಕೆ ತಡ ಎಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಮಾತಿನಲ್ಲಿ ನಿಜವಿರುವುದು ಅರ್ಧ ಮಾತ್ರ. ಯಾವ ಅರ್ಧವನ್ನು ನಂಬಿ ಬಂಡವಾಳ ಹೂಡಬೇಕು, ಯಾವ ಅರ್ಧದಿಂದ ದೂರವಿರಬೇಕು ಎಂಬುದನ್ನು ಲೆಕ್ಕಾಚಾರದೊಂದಿಗೆ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬದುಕಿರುವ ಸ್ನಾಯುವಿನ ಗುರುತು

ಮೊದಲು ವಿಷಯದ ತಿರುಳನ್ನು ತಿಳಿಯೋಣ. ಎಂ.ಆರ್.ಐ. ಯಂತ್ರವು ಬಲವಾದ ಅಯಸ್ಕಾಂತದ ನೆರವಿನಿಂದ ದೇಹದಲ್ಲಿರುವ ನೀರಿನ ಹೈಡ್ರೋಜನ್ ಕಣಗಳ ಸಂಕೇತವನ್ನು ಹಿಡಿದು ಚಿತ್ರ ರಚಿಸುತ್ತದೆ. ಒಂದು ಅಂಗದ ಆರೋಗ್ಯವಂತ ಭಾಗಕ್ಕೂ ರೋಗಗ್ರಸ್ತ ಭಾಗಕ್ಕೂ ಚಿತ್ರದಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಾಣದಿದ್ದಾಗ ಕಾಂಟ್ರಾಸ್ಟ್ ಚುಚ್ಚುಮದ್ದು ನೀಡುತ್ತಾರೆ. ಇದು ಬಟ್ಟೆಗೆ ಹಾಕುವ ಬಣ್ಣದಂಥದಲ್ಲ. ಅದರಲ್ಲಿರುವ ಲೋಹದ ಅಯಾನುಗಳು ತಮ್ಮ ಸಮೀಪದ ನೀರಿನ ಕಣಗಳ ವರ್ತನೆಯನ್ನು ಬದಲಾಯಿಸುವುದರಿಂದ ಆ ಭಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಜೋಡಿಯಿಲ್ಲದ ಎಲೆಕ್ಟ್ರಾನುಗಳಿರುವ ಲೋಹಗಳಿಗೆ ಮಾತ್ರ ಈ ಗುಣವುಂಟು. ಗ್ಯಾಡೊಲಿನಿಯಂ ಅಯಾನಿನಲ್ಲಿ ಅಂತಹ ಏಳು ಎಲೆಕ್ಟ್ರಾನುಗಳಿದ್ದರೆ ಮ್ಯಾಂಗನೀಸ್ ಅಯಾನಿನಲ್ಲಿ ಐದು ಇವೆ.

ಸಂಖ್ಯೆಯಲ್ಲಿ ಹಿಂದಿದ್ದರೂ ಮ್ಯಾಂಗನೀಸಿಗೆ ಒಂದು ವಿಶೇಷ ಗುಣವಿದೆ. ಗ್ಯಾಡೊಲಿನಿಯಂ ಜೀವಕೋಶದ ಒಳಕ್ಕೆ ಹೋಗುವುದಿಲ್ಲ. ಕೋಶಗಳ ನಡುವಿನ ಜಾಗದಲ್ಲಿ ಮಾತ್ರ ಸಂಚರಿಸುತ್ತದೆ. ಹೃದಯಾಘಾತದಿಂದ ಸ್ನಾಯು ಸತ್ತು ಕಲೆಗಟ್ಟಿದ ಕಡೆ ಆ ಜಾಗ ಹಿಗ್ಗಿರುವುದರಿಂದ ಗ್ಯಾಡೊಲಿನಿಯಂ ಅಲ್ಲಿ ತಂಗಿ ಸತ್ತ ಭಾಗವನ್ನು ಬೆಳ್ಳಗೆ ತೋರಿಸುತ್ತದೆ. ಮ್ಯಾಂಗನೀಸಿನ ನಡೆ ಇದಕ್ಕೆ ವಿರುದ್ಧ. ಹೃದಯದ ಕೋಶವು ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ ಅನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಿನಿಂದಲೇ ಮ್ಯಾಂಗನೀಸ್ ಒಳಸೇರುತ್ತದೆ. ಬದುಕಿ ದುಡಿಯುತ್ತಿರುವ ಕೋಶ ಅದನ್ನು ಸ್ವೀಕರಿಸುತ್ತದೆ. ಸತ್ತ ಕೋಶ ಸ್ವೀಕರಿಸುವುದಿಲ್ಲ.

ಬೀಜದ ವ್ಯಾಪಾರಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೊಗರಿಯ ಎರಡು ಕಾಳು ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಯಾವುದರಲ್ಲಿ ಜೀವವಿದೆಯೆಂಬುದು ಮೊಳಕೆ ಪರೀಕ್ಷೆಯಿಂದ ತಿಳಿಯುತ್ತದೆ. ಗ್ಯಾಡೊಲಿನಿಯಂ ಸತ್ತ ಕಾಳನ್ನು ಎಣಿಸುವ ವಿಧಾನವಾದರೆ ಮ್ಯಾಂಗನೀಸ್ ಮೊಳಕೆಯೊಡೆಯುವ ಕಾಳನ್ನು ಎಣಿಸುವ ವಿಧಾನ. ಆಘಾತವಾದ ಮೊದಲ ದಿನಗಳಲ್ಲಿ ಊದಿಕೊಂಡ, ಆದರೆ ಇನ್ನೂ ಬದುಕಿರುವ ಭಾಗವನ್ನೂ ಗ್ಯಾಡೊಲಿನಿಯಂ ಸತ್ತ ಲೆಕ್ಕಕ್ಕೆ ಸೇರಿಸಿಬಿಡುವ ಸಾಧ್ಯತೆಯಿದೆ. ಹೀಗಾಗಿ ಬದುಕಿರುವುದನ್ನು ನೇರವಾಗಿ ತೋರಿಸುವ ವಿಧಾನಕ್ಕೆ ಬೆಲೆಯಿದೆ.

ಹಳೆಯ ಸರಕಿಗೆ ಹೊಸ ಬೇಡಿಕೆ

ಇದು ನಿನ್ನೆ ಮೊನ್ನೆಯ ಶೋಧವೇನಲ್ಲ. ಎಂ.ಆರ್.ಐ. ತಂತ್ರಕ್ಕಾಗಿ 2003ರಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದ ಪಾಲ್ ಲಾಟರ್ಬರ್ ಅವರೇ 1978ರಷ್ಟು ಹಿಂದೆ ತಮ್ಮ ಸಹೋದ್ಯೋಗಿಗಳೊಂದಿಗೆ ನಾಯಿಗಳ ಹೃದಯದಲ್ಲಿ ಮ್ಯಾಂಗನೀಸ್ ಬಳಸಿ, ರಕ್ತ ಸಿಗದೆ ಹಾನಿಗೊಂಡ ಭಾಗಕ್ಕೂ ಉಳಿದ ಭಾಗಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿದ್ದರು. ಆದರೆ ಮಾರುಕಟ್ಟೆ ಗ್ಯಾಡೊಲಿನಿಯಂಗೆ ಒಲಿಯಿತು. 1988ರಲ್ಲಿ ಅಮೆರಿಕದಲ್ಲಿ ಮೊದಲ ಗ್ಯಾಡೊಲಿನಿಯಂ ಚುಚ್ಚುಮದ್ದಿಗೆ ಅನುಮತಿ ದೊರೆಯಿತು. ಮ್ಯಾಂಗನೀಸಿನ ಸರದಿ ಬಂದದ್ದು 1997ರಲ್ಲಿ. ಮ್ಯಾಂಗಾಫೋಡಿಪಿರ್ ಎಂಬ ಔಷಧ ಟೆಸ್ಲಾಸ್ಕ್ಯಾನ್ ಎಂಬ ಹೆಸರಿನಲ್ಲಿ ಯಕೃತ್ತಿನ ಗಡ್ಡೆಗಳ ಪರೀಕ್ಷೆಗೆಂದು ಅಮೆರಿಕದ ಅನುಮತಿ ಪಡೆಯಿತು.

ಮುಂದಿನ ಕಥೆಯನ್ನು ವ್ಯಾಪಾರಸ್ಥರು ಗಮನವಿಟ್ಟು ಓದಬೇಕು. ಟೆಸ್ಲಾಸ್ಕ್ಯಾನ್ 2003ರಲ್ಲಿ ಅಮೆರಿಕದ ಮಾರುಕಟ್ಟೆಯಿಂದಲೂ 2012ರಲ್ಲಿ ಯುರೋಪಿನಿಂದಲೂ ಹಿಂದೆ ಸರಿಯಿತು. ಯುರೋಪಿನಲ್ಲಿ ಕಂಪನಿಯೇ ವಾಣಿಜ್ಯ ಕಾರಣ ನೀಡಿ ಅನುಮತಿಯನ್ನು ಮರಳಿಸಿತು. ಆನಂತರ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಸಂಶೋಧಕರು ಇದೇ ಮ್ಯಾಂಗಾಫೋಡಿಪಿರ್ ಅನ್ನು ಹೃದಯದ ಪರೀಕ್ಷೆಗೆ ಬಳಸಿ ಆರೋಗ್ಯವಂತರಲ್ಲಿಯೂ ಹೃದಯಾಘಾತಕ್ಕೆ ಒಳಗಾದವರಲ್ಲಿಯೂ ಮಹತ್ವದ ಫಲಿತಾಂಶಗಳನ್ನು ಪ್ರಕಟಿಸಿದರು. ತೀವ್ರ ದುಃಖ ಅಥವಾ ಆಘಾತದ ಬಳಿಕ ಹೃದಯ ತಾತ್ಕಾಲಿಕವಾಗಿ ಸೋಲುವ ಟಕೋಟ್ಸುಬೊ ಎಂಬ ಸ್ಥಿತಿಯಲ್ಲಿ, ಹೃದಯದ ಪಂಪು ಮಾಡುವ ಶಕ್ತಿ ಮರಳಿದ ಮೇಲೂ ಕೋಶಗಳ ಕ್ಯಾಲ್ಸಿಯಂ ವ್ಯವಹಾರ ಪೂರ್ಣ ಸರಿಹೋಗಿರುವುದಿಲ್ಲ ಎಂಬುದು 2022ರಲ್ಲಿ ಹೊರಬಿದ್ದದ್ದು ಮ್ಯಾಂಗನೀಸಿನ ನೆರವಿನಿಂದಲೇ. ಒಂದು ಕಾಲಕ್ಕೆ ಗಿರಾಕಿಯಿಲ್ಲವೆಂದು ಅಂಗಡಿಯಿಂದ ತೆಗೆದ ಸರಕಿಗೆ ಬೇರೆಯೇ ಬಳಕೆಯಲ್ಲಿ ಬೆಲೆ ಬರಬಹುದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಈ ಆಸಕ್ತಿ ಮರುಕಳಿಸಲು ಗ್ಯಾಡೊಲಿನಿಯಂನ ತೊಂದರೆಗಳೂ ಕಾರಣ. ಮೂತ್ರಪಿಂಡ ತೀವ್ರವಾಗಿ ದುರ್ಬಲಗೊಂಡವರಲ್ಲಿ ಚರ್ಮ ಹಾಗೂ ಅಂಗಗಳು ಗಡುಸಾಗುವ ಕಾಯಿಲೆಗೂ ಕೆಲವು ಗ್ಯಾಡೊಲಿನಿಯಂ ಔಷಧಗಳಿಗೂ ನಂಟಿರುವುದು 2006ರಲ್ಲಿ ಬೆಳಕಿಗೆ ಬಂತು. ಪದೇ ಪದೇ ಚುಚ್ಚುಮದ್ದು ಪಡೆದವರ ಮಿದುಳಿನಲ್ಲಿ ಈ ಲೋಹದ ಅಂಶ ಉಳಿಯುವುದನ್ನು 2014ರಲ್ಲಿ ಜಪಾನಿನ ವೈದ್ಯರು ವರದಿ ಮಾಡಿದರು. 2017ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಲೋಹವನ್ನು ಸಡಿಲವಾಗಿ ಹಿಡಿದಿಡುವ ಹಲವು ಗ್ಯಾಡೊಲಿನಿಯಂ ಔಷಧಗಳ ಬಳಕೆಯನ್ನು ತಡೆಹಿಡಿಯಿತು. ಇಂದು ಬಳಸುವ ಸುಧಾರಿತ ಗ್ಯಾಡೊಲಿನಿಯಂ ಔಷಧಗಳಲ್ಲಿ ಈ ಅಪಾಯ ಅತ್ಯಲ್ಪ ಎಂಬುದನ್ನೂ ಇಲ್ಲಿಯೇ ಹೇಳಬೇಕು. ವೈದ್ಯರು ಸೂಚಿಸಿದ ಪರೀಕ್ಷೆಯನ್ನು ಹೆದರಿಕೊಂಡು ಯಾರೂ ಬಿಡಬಾರದು.

ಮತ್ತೊಂದು ಕಾರಣ ಶುದ್ಧ ವ್ಯಾಪಾರದ್ದು. 2025ರ ಏಪ್ರಿಲ್ 4ರಂದು ಚೀನಾ ದೇಶವು ಏಳು ವಿರಳ ಭೂಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿತು. ಆ ಏಳರಲ್ಲಿ ಗ್ಯಾಡೊಲಿನಿಯಂ ಕೂಡ ಒಂದು. ಒಂದೇ ದೇಶದ ಗೋದಾಮನ್ನು ನಂಬಿ ನಡೆಯುವ ಯಾವ ವ್ಯಾಪಾರವೂ ನೆಮ್ಮದಿಯದಲ್ಲ ಎಂಬುದು ನಮ್ಮ ದಾಲ್ ಮಿಲ್ ಮಾಲೀಕರಿಗೂ ಗೊತ್ತಿರುವ ಸಂಗತಿ.

ಒಂದು ಲಾರಿ ಅದಿರಿನ ಲೆಕ್ಕ

ಇನ್ನು ಅದಿರಿನ ಮಾತಿಗೆ ಬರೋಣ. ಕರ್ನಾಟಕದಲ್ಲಿ ಮ್ಯಾಂಗನೀಸ್ ಎಂದೊಡನೆ ನೆನಪಾಗುವ ಹೆಸರು ಸಂಡೂರು. 1954ರಲ್ಲಿ ಸ್ಥಾಪನೆಗೊಂಡ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಸಂಸ್ಥೆಯು ಅಲ್ಲಿ ಗಣಿಗಾರಿಕೆ ನಡೆಸುತ್ತಿದ್ದು, ಹೊಸಪೇಟೆ ಬಳಿಯ ವ್ಯಾಸನಕೆರೆಯಲ್ಲಿ ಮಿಶ್ರಲೋಹ ಘಟಕವನ್ನೂ ಹೊಂದಿದೆ. ಜಗತ್ತಿನಲ್ಲಿ ತೆಗೆಯುವ ಮ್ಯಾಂಗನೀಸಿನ ಬಹುಪಾಲು ಉಕ್ಕಿನ ತಯಾರಿಕೆಗೇ ಹೋಗುತ್ತದೆ. ಹಾಗಾದರೆ ಔಷಧದ ಬೇಡಿಕೆ ಬಂದರೆ ಈ ಅದಿರಿನ ಬೆಲೆ ಏರುವುದೇ? ಲೆಕ್ಕ ಹಾಕಿ ನೋಡೋಣ.

ಹೃದಯದ ಸಂಶೋಧನೆಯಲ್ಲಿ ಮ್ಯಾಂಗಾಫೋಡಿಪಿರ್ ಅನ್ನು ಬಳಸಿದ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ 5 ಮೈಕ್ರೋಮೋಲ್. 60 ಕಿಲೋ ತೂಕದ ವ್ಯಕ್ತಿಗೆ ಇದರಲ್ಲಿ ಸೇರುವ ಮ್ಯಾಂಗನೀಸ್ ಸುಮಾರು 16.5 ಮಿಲಿಗ್ರಾಂ. ಅಂದರೆ ಒಂದು ಕಿಲೋ ಮ್ಯಾಂಗನೀಸ್ 60,000 ರೋಗಿಗಳಿಗೆ ಸಾಕಾಗುತ್ತದೆ. ಶೇಕಡಾ 35ರಷ್ಟು ಮ್ಯಾಂಗನೀಸ್ ಇರುವ ಒಂದು ಟನ್ ಅದಿರಿನಲ್ಲಿ 350 ಕಿಲೋ ಲೋಹವಿರುತ್ತದೆ. ಸಂಸ್ಕರಣೆಯಲ್ಲಿ ಆಗುವ ನಷ್ಟವನ್ನು ಬದಿಗಿಟ್ಟರೆ ಅದು 2 ಕೋಟಿಗೂ ಹೆಚ್ಚು ಚುಚ್ಚುಮದ್ದುಗಳಿಗೆ ಬೇಕಾಗುವಷ್ಟು. ಬಸವಕಲ್ಯಾಣದ ಲಾರಿಯೊಂದು ಒಂದು ಬಾರಿಗೆ ಹೊರುವ 10 ಟನ್ ಅದಿರಿನಲ್ಲಿ 20 ಕೋಟಿ ಜನರಿಗೆ ಸಾಲುವಷ್ಟು ಮ್ಯಾಂಗನೀಸ್ ಅಡಗಿದೆ.

ಈ ಲೆಕ್ಕದ ಅರ್ಥ ಸ್ಪಷ್ಟ. ಮ್ಯಾಂಗನೀಸ್ ಚುಚ್ಚುಮದ್ದು ನಾಳೆ ಜಗತ್ತಿನಾದ್ಯಂತ ಬಳಕೆಗೆ ಬಂದರೂ ಅದರಿಂದ ಗಣಿಯ ವ್ಯಾಪಾರಕ್ಕೆ ಆಗುವ ಲಾಭ ಶೂನ್ಯಕ್ಕೆ ಸಮ. ಆದುದರಿಂದ ವೈದ್ಯಕೀಯ ಮ್ಯಾಂಗನೀಸಿನ ಹೆಸರು ಹೇಳಿ ಅದಿರಿನ ದಾಸ್ತಾನಿನಲ್ಲಿಯೋ ಗಣಿ ಷೇರಿನಲ್ಲಿಯೋ ಹಣ ತೊಡಗಿಸಿರೆಂದು ಯಾರಾದರೂ ಬಂದು ಹೇಳಿದರೆ, ಮೇಲಿನ ಲೆಕ್ಕವನ್ನು ಅವರ ಮುಂದಿಟ್ಟು ಕೈಮುಗಿದು ಕಳಿಸಿಬಿಡುವುದು ಲೇಸು.

ಬೆಲೆ ಇರುವುದು ಎಲ್ಲಿ?

ಹಾಗಾದರೆ ಬೆಲೆ ಹುಟ್ಟುವುದು ಎಲ್ಲಿ? ಮೊದಲನೆಯದಾಗಿ ಲೋಹವನ್ನು ಹಿಡಿದಿಡುವ ಅಣುವಿನಲ್ಲಿ. ಬಿಡಿ ಮ್ಯಾಂಗನೀಸನ್ನು ಒಮ್ಮೆಲೇ ರಕ್ತಕ್ಕೆ ಸೇರಿಸಿದರೆ ಅದು ಕ್ಯಾಲ್ಸಿಯಂನ ಜಾಗಕ್ಕೆ ನುಗ್ಗಿ ಹೃದಯದ ಬಡಿತವನ್ನೇ ಕುಂದಿಸಬಲ್ಲದು. ಆದ್ದರಿಂದ ಏಡಿಯ ಕೊಂಡಿಯಂತೆ ಲೋಹವನ್ನು ಅಪ್ಪಿ ಹಿಡಿಯುವ ಸಾವಯವ ಅಣುವೊಂದನ್ನು ಜೋಡಿಸುತ್ತಾರೆ. ಮ್ಯಾಂಗಾಫೋಡಿಪಿರ್‌ನಲ್ಲಿರುವ ಇಂತಹ ಅಣು ಬಿ-6 ಜೀವಸತ್ವದ ಬಂಧುವೆನ್ನಬಹುದಾದ ರಚನೆಯದು. ಅದು ಮ್ಯಾಂಗನೀಸನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದಲೇ ಹೃದಯದ ಕೋಶಗಳಿಗೆ ಲೋಹ ತಲುಪುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅಮೆರಿಕದಲ್ಲಿ ಅಭಿವೃದ್ಧಿಗೊಳ್ಳುತ್ತಿರುವ ಹೊಸ ಮ್ಯಾಂಗನೀಸ್ ಔಷಧಗಳಲ್ಲಿ ಕೆಲವು ಲೋಹವನ್ನು ಎಲ್ಲಿಯೂ ಬಿಡದಂತೆ ಬಿಗಿಯಾಗಿ ಹಿಡಿದಿರುತ್ತವೆ. ಅವು ಗ್ಯಾಡೊಲಿನಿಯಂನ ಜಾಗ ತುಂಬಲು ಸಿದ್ಧಪಡಿಸುತ್ತಿರುವಂಥವು. ಹೃದಯದ ಕೋಶದೊಳಗೆ ಸೇರಿ ಜೀವದ ಗುರುತು ಹೇಳುವಂಥವಲ್ಲ. ಸ್ವೀಡನ್ನಿನ ಕಂಪನಿಯೊಂದು ಬಾಯಿಯ ಮೂಲಕ ಸೇವಿಸುವ ಮ್ಯಾಂಗನೀಸ್ ಕ್ಲೋರೈಡ್ ಔಷಧದ ಮೂರನೆಯ ಹಂತದ ಪರೀಕ್ಷೆಯಲ್ಲಿ 2024ರಲ್ಲಿ ಉತ್ತಮ ಫಲಿತಾಂಶ ಕಂಡಿದೆ. ಅದು ಯಕೃತ್ತಿನ ಪರೀಕ್ಷೆಗೆ ಮೀಸಲು. ಹೆಸರು ಒಂದೇ ಆದರೂ ಸರಕು ಮೂರು ಬಗೆಯದು. ಸರಕಿನ ಬಗೆ ತಿಳಿಯದೆ ಸೌದೆ ಮಾಡಬಾರದೆಂಬುದು ಮಂಡಿಯ ಮೊದಲ ಪಾಠವಲ್ಲವೇ?

ಬೆಲೆ ಹುಟ್ಟುವ ಎರಡನೆಯ ಜಾಗ ಶುದ್ಧತೆ. ಅದಿರಿನ ಖರೀದಿದಾರರು ಮ್ಯಾಂಗನೀಸ್, ಕಬ್ಬಿಣ ಮತ್ತು ರಂಜಕಗಳನ್ನು ಶೇಕಡಾ ಲೆಕ್ಕದಲ್ಲಿ ನೋಡುತ್ತಾರೆ. ಚುಚ್ಚುಮದ್ದಿನ ಖರೀದಿದಾರರು ನೋಡುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ; ಒಂದು ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಚುಚ್ಚುಮದ್ದಿನ ಮೂಲಕ ದಿನವೊಂದಕ್ಕೆ ದೇಹ ಸೇರಬಹುದಾದ ಸೀಸಕ್ಕೆ 5 ಮೈಕ್ರೋಗ್ರಾಂ, ಕ್ಯಾಡ್ಮಿಯಂಗೆ 2, ಪಾದರಸಕ್ಕೆ 3, ಆರ್ಸೆನಿಕ್‌ಗೆ 15 ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಮಿತಿ ಹಾಕಿದೆ. ಭೂಮಿಯಿಂದ ಬಂದ ಲೋಹದಲ್ಲಿ ಇವುಗಳ ನೆರಳೂ ಉಳಿಯದಂತೆ ತೆಗೆಯುವುದು, ತೆಗೆದದ್ದನ್ನು ಅಳೆಯುವುದು, ಅಳತೆಯನ್ನು ದಾಖಲಿಸುವುದು — ಹಣ ನೀಡುವುದು ಈ ಮೂರು ಕೆಲಸಗಳಿಗೆ.

ಮೂರನೆಯದು ಸುರಕ್ಷತೆ. ಮ್ಯಾಂಗನೀಸ್ ನಮ್ಮ ದೇಹಕ್ಕೆ ಬೇಕಾದ ಲೋಹವೇ. ವಯಸ್ಕರ ದೇಹದಲ್ಲಿ 10ರಿಂದ 20 ಮಿಲಿಗ್ರಾಂ ಇರುತ್ತದೆ. ಆದರೆ ಒಂದೇ ಚುಚ್ಚುಮದ್ದಿನಲ್ಲಿ ಅಷ್ಟೇ ಪ್ರಮಾಣ ಒಳಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಹೆಚ್ಚಿನ ಮ್ಯಾಂಗನೀಸನ್ನು ಯಕೃತ್ತು ಪಿತ್ತದ ಮೂಲಕ ಹೊರಹಾಕಬೇಕು. ಯಕೃತ್ತು ಕೆಟ್ಟವರಲ್ಲಿ ಅದು ಉಳಿದುಬಿಡಬಹುದು. ಮ್ಯಾಂಗನೀಸ್ ಅದಿರನ್ನು ಪುಡಿ ಮಾಡುತ್ತಿದ್ದ ಕಾರ್ಮಿಕರಲ್ಲಿ ನಡಿಗೆ ತಪ್ಪುವ, ಮಾತು ತೊದಲುವ ಕಾಯಿಲೆಯನ್ನು ಸ್ಕಾಟ್ಲೆಂಡಿನ ವೈದ್ಯ ಜಾನ್ ಕೂಪರ್ 1837ರಲ್ಲಿಯೇ ದಾಖಲಿಸಿದ್ದರು. ವೆಲ್ಡಿಂಗ್ ಹೊಗೆಯಲ್ಲಿಯೂ ಮ್ಯಾಂಗನೀಸ್ ಇರುವುದರಿಂದ ಬಸವಕಲ್ಯಾಣದ ಲಾರಿ ಬಾಡಿ ಕಟ್ಟುವ ಶೆಡ್ಡುಗಳ ಮಾಲೀಕರು ತಮ್ಮ ಕೆಲಸಗಾರರಿಗೆ ಗಾಳಿ ಬೆಳಕಿನ ಜಾಗ ಮತ್ತು ಮುಖಕವಚ ಒದಗಿಸುವುದು ಇಂದೇ ಮಾಡಬಹುದಾದ ಕೆಲಸ. ಇದಕ್ಕೆ ಯಾವ ಎಂ.ಆರ್.ಐ. ಯಂತ್ರವೂ ಬೇಕಿಲ್ಲ.

ನಾವು ಮಾಡಬೇಕಾದುದು

ಹೃದಯದ ಪರೀಕ್ಷೆಗೆಂದು ವೈದ್ಯರು ದಿನನಿತ್ಯ ಬಳಸಬಹುದಾದ ಮ್ಯಾಂಗನೀಸ್ ಚುಚ್ಚುಮದ್ದು ಇನ್ನೂ ಸಂಶೋಧನೆಯ ಹಂತವನ್ನು ದಾಟಿಲ್ಲ. ಇಂತಹ ಔಷಧವನ್ನು ರೂಪಿಸಿ ಮಾನವರ ಮೇಲೆ ಪರೀಕ್ಷಿಸಿ ಅನುಮತಿ ಪಡೆಯುವುದು ಹುಮನಾಬಾದಿನ ಸಣ್ಣ ಘಟಕದ ಶಕ್ತಿಗೆ ಮೀರಿದ್ದು. ಆ ಕನಸು ಕಾಣುವುದು ಬೇಡ. ಆದರೆ ದೊಡ್ಡ ಔಷಧ ಕಂಪನಿಗಳಿಗೆ ಬೇಕಾಗುವ ಅತಿಶುದ್ಧ ಲವಣಗಳು, ಲೋಹ ಹಿಡಿಯುವ ಅಣುಗಳ ಮಧ್ಯಂತರ ರಾಸಾಯನಿಕಗಳು, ಇವುಗಳ ಪರೀಕ್ಷಾ ಸೇವೆ — ಇವು ನಮ್ಮ ಕೈಗೆಟಕದ ಸಂಗತಿಗಳಲ್ಲ. ಹೈದರಾಬಾದಿನಲ್ಲಿ ಕೇಂದ್ರ ಕಛೇರಿಯುಳ್ಳ ದಿವೀಸ್ ಲ್ಯಾಬೊರೇಟರೀಸ್ ಸಂಸ್ಥೆಯು ಕಾಂಟ್ರಾಸ್ಟ್ ಔಷಧಗಳ ಮೂಲವಸ್ತುಗಳನ್ನು ತಯಾರಿಸಿ ಹೊರದೇಶಗಳಿಗೆ ಒದಗಿಸುತ್ತಿದೆ. ಆ ನಗರ ನಮ್ಮ ಊರುಗಳನ್ನು ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 65ರ ಮೇಲೆಯೇ ಇದೆ. ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಮೇಲೆ ಹುಮನಾಬಾದಿಗೆ ರೈಲೂ ಬಂದಿದೆ. ರಸ್ತೆಯ ಕೊರತೆ ನಮಗಿಲ್ಲ. ಕೊರತೆಯಿರುವುದು ಅಳತೆಯದು ಮತ್ತು ದಾಖಲೆಯದು.

ಈ ಕೊರತೆ ನೀಗಿಸಲು ಕಾನೂನು ಕೂಡ ನಮ್ಮನ್ನು ಒತ್ತಾಯಿಸುತ್ತಿದೆ. ಔಷಧ ತಯಾರಿಕೆಯ ಗುಣಮಟ್ಟ ಕುರಿತ ಪರಿಷ್ಕೃತ ಶೆಡ್ಯೂಲ್ ‘ಎಂ’ ನಿಯಮವನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಸಣ್ಣ ಮತ್ತು ಮಧ್ಯಮ ಘಟಕಗಳು ಅರ್ಜಿ ಸಲ್ಲಿಸಿ ಪಡೆಯಬಹುದಾಗಿದ್ದ ಹೆಚ್ಚುವರಿ ಅವಧಿಯೂ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಈ ನಿಯಮವನ್ನು ಕೇವಲ ತೊಂದರೆಯೆಂದು ನೋಡುವವರಿಗೆ ಅದು ಖರ್ಚು. ದೊಡ್ಡ ಖರೀದಿದಾರರ ಬಾಗಿಲು ತಟ್ಟಲು ಬೇಕಾದ ರಹದಾರಿಯೆಂದು ನೋಡುವವರಿಗೆ ಅದು ಬಂಡವಾಳ.

ಅತಿಸೂಕ್ಷ್ಮ ಲೋಹಾಂಶಗಳನ್ನು ಅಳೆಯುವ ಐ.ಸಿ.ಪಿ.-ಎಂ.ಎಸ್. ಉಪಕರಣವನ್ನು ಒಬ್ಬೊಬ್ಬರೇ ಕೊಳ್ಳುವುದು ಸಣ್ಣ ಘಟಕಗಳಿಗೆ ಸಾಧ್ಯವಾಗದು. ಆದರೆ ಹತ್ತು ಘಟಕಗಳು ಕೂಡಿ ಒಂದು ಸಾಮಾನ್ಯ ಪ್ರಯೋಗಾಲಯ ಕಟ್ಟಬಹುದು. ಸಣ್ಣ ಉದ್ದಿಮೆಗಳ ಸಮೂಹ ಅಭಿವೃದ್ಧಿಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಇಂತಹ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನಕ್ಕೆ ಅವಕಾಶವಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದೆಯೂ ಈ ಬೇಡಿಕೆ ಇಡಬಹುದು. ಹುಮನಾಬಾದ್ ಅಥವಾ ಬೀದರಿನಲ್ಲಿ ಎನ್.ಎ.ಬಿ.ಎಲ್. ಮಾನ್ಯತೆಗೆ ಅರ್ಹವಾದ ಒಂದು ಪ್ರಯೋಗಾಲಯ ಸ್ಥಾಪಿಸಬೇಕೆಂಬ ಏಕೈಕ ಅಂಶವನ್ನು ಹಿಡಿದು ನಮ್ಮ ವಾಣಿಜ್ಯ ಸಂಸ್ಥೆಯು ಮನವಿ ಸಲ್ಲಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದೇ ಉಪಕರಣ ಕಾರ್ಖಾನೆಯಿಂದ ಹೊರಹೋಗುವ ನೀರನ್ನೂ ಸುತ್ತಲಿನ ಬಾವಿಗಳ ನೀರನ್ನೂ ಅಳೆಯಬಲ್ಲದು. ಕೈಗಾರಿಕೆ ಮತ್ತು ಸುತ್ತಲ ಹಳ್ಳಿಗಳ ನಡುವಿನ ಅಪನಂಬಿಕೆಗೆ ಮಾತಿಗಿಂತ ಅಳತೆಯೇ ಒಳ್ಳೆಯ ಮದ್ದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಹೃದಯದ ಎಂ.ಆರ್.ಐ. ಎಂಬುದೇ ನಮ್ಮ ಭಾಗದ ಬಡ ರೋಗಿಗೆ ದೂರದ ಮಾತಾಗಿರುವಾಗ ಅದರ ಚುಚ್ಚುಮದ್ದಿನ ಚರ್ಚೆ ಏಕೆ ಎಂಬುದು ಮೊದಲನೆಯದು. ಮಾತು ನಿಜ. ಎದೆನೋವು ಬಂದವರಿಗೆ ಮೊದಲು ಬೇಕಾದುದು ಇ.ಸಿ.ಜಿ., ಸಕಾಲದ ಔಷಧ ಮತ್ತು ವಾಹನ. ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ನೂತನ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದದ್ದು ಈ ದಿಸೆಯಲ್ಲಿ ದೊಡ್ಡ ಹೆಜ್ಜೆ. ಆದರೂ ಮಂಠಾಳದ ಸಣ್ಣ ವ್ಯಾಪಾರಿಯೊಬ್ಬ ಹೊಲ ಮಾರಿಯಾದರೂ ಬೈಪಾಸ್ ಮಾಡಿಸಬೇಕೇ ಬೇಡವೇ ಎಂದು ಯೋಚಿಸುವಾಗ, ಹೃದಯದ ಎಷ್ಟು ಭಾಗ ಬದುಕಿದೆ ಎಂಬ ಮಾಹಿತಿ ಅವನ ಮನೆತನದ ಲೆಕ್ಕಪುಸ್ತಕಕ್ಕೂ ಸಂಬಂಧಿಸಿದ್ದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಬದುಕಿರುವ ಸ್ನಾಯುವನ್ನು ಗುರುತಿಸಿದ ಮಾತ್ರಕ್ಕೆ ರೋಗಿಯ ಆಯಸ್ಸು ಹೆಚ್ಚುವುದೇ? ಸ್ಟಿಚ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ 2011ರ ವರದಿಯಲ್ಲಿ, ಅಂದಿನ ವಿಧಾನಗಳಿಂದ ಮಾಡಿದ ಇಂತಹ ಪರೀಕ್ಷೆಯು ಬೈಪಾಸ್ ಶಸ್ತ್ರಚಿಕಿತ್ಸೆಯಿಂದ ಯಾರಿಗೆ ಹೆಚ್ಚು ಲಾಭವೆಂಬುದನ್ನು ಬೇರ್ಪಡಿಸಿ ಹೇಳಲು ಶಕ್ತವಾಗಲಿಲ್ಲ. ಮ್ಯಾಂಗನೀಸಿನ ವಿಧಾನ ಇದಕ್ಕಿಂತ ನಿಖರವೆಂದು ತೋರಿದರೂ ರೋಗಿಗಳ ಬದುಕಿನಲ್ಲಿ ಅದರ ಫಲ ಇನ್ನೂ ಸಾಬೀತಾಗಬೇಕಾಗಿದೆ. ಆದ್ದರಿಂದಲೇ ಒಂದೇ ಔಷಧದ ಭವಿಷ್ಯವನ್ನು ನಂಬಿ ಕಾರ್ಖಾನೆ ಕಟ್ಟಬೇಡಿ ಎಂದು ನಾನು ಹೇಳುತ್ತಿರುವುದು. ಮ್ಯಾಂಗನೀಸ್ ಗೆಲ್ಲಬಹುದು, ಸೋಲಬಹುದು. ಶುದ್ಧತೆಯನ್ನು ಅಳೆಯಬಲ್ಲ ಪ್ರಯೋಗಾಲಯ ಮತ್ತು ಪ್ರತಿ ಬ್ಯಾಚಿನ ಪ್ರಾಮಾಣಿಕ ದಾಖಲೆ ಯಾವ ಔಷಧ ಗೆದ್ದರೂ ಉಪಯೋಗಕ್ಕೆ ಬರುತ್ತವೆ.

ಕಾಯಕಕ್ಕೆ ಘನತೆ ತಂದುಕೊಟ್ಟ ಶರಣರ ನಾಡು ನಮ್ಮದು. ತೂಕದಲ್ಲಿ ಮೋಸವಿಲ್ಲದ ತಕ್ಕಡಿ ಅಂದಿನ ಅಂಗಡಿಕಾರನ ಕಾಯಕದ ಗುರುತಾಗಿದ್ದರೆ, ಮೈಕ್ರೋಗ್ರಾಂವರೆಗೆ ಸುಳ್ಳು ಹೇಳದ ಪರೀಕ್ಷಾ ವರದಿ ಇಂದಿನ ತಯಾರಕನ ಕಾಯಕದ ಗುರುತು. ಸಂಸ್ಥೆಯ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಸಾಮಾನ್ಯ ಪ್ರಯೋಗಾಲಯದ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಪದಾಧಿಕಾರಿಗಳಲ್ಲಿಯೂ, ತಮ್ಮ ಘಟಕಕ್ಕೆ ಯಾವ ಯಾವ ಪರೀಕ್ಷೆಗಳು ಬೇಕು, ವರ್ಷಕ್ಕೆ ಎಷ್ಟು ಮಾದರಿಗಳನ್ನು ಹೊರಗೆ ಕಳಿಸುತ್ತಿದ್ದೀರಿ ಎಂಬ ವಿವರವನ್ನು ಸಂಸ್ಥೆಯ ಕಛೇರಿಗೆ ಬರೆದು ತಿಳಿಸಬೇಕೆಂದು ಹುಮನಾಬಾದ್, ಬಸವಕಲ್ಯಾಣ ಹಾಗೂ ಬೀದರಿನ ಉದ್ಯಮಿ ಮಿತ್ರರಲ್ಲಿಯೂ ವಿನಂತಿಸುತ್ತೇನೆ. ಅಂತಹ ಪಟ್ಟಿಯೊಂದು ಕೈಯಲ್ಲಿದ್ದರೆ ಸರ್ಕಾರದ ಮುಂದೆ ನಮ್ಮ ಮನವಿಗೆ ತೂಕ ಬರುವುದರಲ್ಲಿ ಸಂದೇಹವಿಲ್ಲ.